ನಿಂತ ನೀರಿನ ಸೆಳವು

ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಂಗತಿ ಶರಣಪರಂಪರೆಯನ್ನು ಬಲ್ಲವರಿಗೆಲ್ಲ ತಿಳಿದದ್ದೇ. ಇಂದಿನ ಸೊಲ್ಲಾಪುರದ ನಡುವೆ ಆ ಕೆರೆ ಈಗಲೂ ಇದೆ. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆಯೆಂದು ಲೆಕ್ಕ. ಕೆರೆಯನ್ನು ಕಟ್ಟಿದ ಹಿರಿಯರು ಅದನ್ನು ನೋಡಿಕೊಳ್ಳುವವನನ್ನೂ ನೇಮಿಸಿದ್ದರು, ಅವನೇ ನೀರುಗಂಟಿ. ತೂಬನ್ನು ತೆರೆಯುವವನೂ ಮುಚ್ಚುವವನೂ ಅವನೇ. ನೀರು ಎಲ್ಲಿ ಆಳ, ಎಲ್ಲಿ ಹೂಳು, ಯಾವ ದಿನ ಯಾವ ಬದಿಗೆ ಇಳಿಯಬಾರದು ಎಂಬುದು ಅವನಿಗೆ ಕರತಲಾಮಲಕವಾಗಿತ್ತು. ಬಹುಪಾಲು ಊರುಗಳಲ್ಲಿ ಆ ವೃತ್ತಿ ಈಗ ಮರೆಯಾಗಿದೆ. ಅವನ ತಿಳಿವಳಿಕೆಗೆ ವಾರಸುದಾರರಾರು ಎಂಬುದೇ ಇಲ್ಲಿನ ಪ್ರಶ್ನೆ. ಶಾಲೆಯೇ ಆಗಬೇಕಲ್ಲದೆ ಬೇರೆ ದಾರಿ ಕಾಣದು.

ಹೊಳೆ ಹರಿಯುತ್ತದೆ, ಕೆರೆ ನಿಂತಿರುತ್ತದೆ ಎಂಬ ನಂಬಿಕೆಯೇ ಮೊದಲ ಅಪಾಯ. ತೂಬಿನ ಬಳಿ, ಕೋಡಿಯ ಬಳಿ, ಹಳ್ಳ ಬಂದು ಸೇರುವ ಬಾಯಿಯಲ್ಲಿ ಕೆರೆಯ ನೀರೂ ಚಲಿಸುತ್ತದೆ. ಇವುಗಳಲ್ಲಿ ತೂಬು ಅತ್ಯಂತ ಮೋಸದ ಜಾಗ. ಹಳೆಯ ಕೆರೆಗಳಲ್ಲಿ ಏರಿಯ ಒಳಮಗ್ಗುಲಿಗೆ ನೀರಿನ ನಡುವೆ ಎದ್ದು ನಿಂತ ಜೋಡಿ ಕಲ್ಲುಕಂಬಗಳನ್ನು ಎಲ್ಲರೂ ಕಂಡಿರುತ್ತಾರೆ. ಈಜುವ ಹುಡುಗರಿಗೆ ಅದನ್ನು ಮುಟ್ಟಿ ಬರುವುದು, ಅದರ ಮೇಲಿಂದ ಧುಮುಕುವುದು ಒಂದು ಪಂದ್ಯ. ತೂಬಿನ ಬಾಯಿ ಇರುವುದು ಆ ಕಂಬಗಳ ಬುಡದಲ್ಲಿ.

ಅದರ ಬಲವೆಷ್ಟೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲನು. ಒಂದು ಘನಮೀಟರು ನೀರಿನ ತೂಕ 1,000 ಕಿಲೋಗ್ರಾಂ. ಬಾಯಿಯ ಮೇಲೆ 5 ಮೀಟರು ನೀರು ನಿಂತಿದ್ದು, ಆಚೆಯ ಬದಿ ಬರಿದಾಗಿದ್ದರೆ, 30 ಸೆಂಟಿಮೀಟರು ಉದ್ದಗಲದ ಕಿಂಡಿಯನ್ನು ಮುಚ್ಚಿದ ವಸ್ತುವಿನ ಮೇಲೆ ಬೀಳುವ ಭಾರ ಸುಮಾರು 450 ಕಿಲೋ. ಅದಕ್ಕೆ ಸಿಕ್ಕ ಕಾಲನ್ನು ಇಬ್ಬರು ಮೂವರು ಸೇರಿ ಎಳೆದರೂ ಬಿಡಿಸುವುದು ಅಸಾಧ್ಯ. ಮೊದಲು ತೂಬನ್ನು ಮುಚ್ಚಿಸಬೇಕು. ಮೇಲ್ಮೈಯಲ್ಲಿ ಮಾತ್ರ ಇದರ ಸುಳಿವೇ ಇರದಿರಬಹುದು. ಕಿಂಡಿಯತ್ತ ನೀರು ಸುತ್ತಲಿಂದಲೂ ಸರಿದು ಬರುವುದರಿಂದ, ದೂರ ಅರ್ಧವಾದಾಗ ವೇಗ ಸುಮಾರು ನಾಲ್ಕರಷ್ಟಾಗುತ್ತದೆ. ಎರಡು ಮಾರು ದೂರದಲ್ಲಿ ಏನೂ ಅನ್ನಿಸದವನು ಮುಂದಿನ ಮಾರಿನಲ್ಲಿ ಸೆಳವಿಗೆ ಸಿಲುಕಬಹುದು.

ಕೋಡಿ ಬಿದ್ದ ದಿನ ಊರಿಗೆ ಹಬ್ಬ. ಬಾಗಿನ ಅರ್ಪಿಸಲು ಜನ ಸೇರುತ್ತಾರೆ, ಕೋಡಿಯ ಕೆಳಗೆ ಮೀನು ಹಿಡಿಯಲು ಹುಡುಗರು ಇಳಿಯುತ್ತಾರೆ. ಕಟ್ಟೆಯ ಮೇಲಿಂದ ಧುಮುಕಿದ ನೀರು ತಳಕ್ಕೆ ಬಡಿದು, ತುಸು ಮುಂದೆ ಮೇಲೆದ್ದು, ಮೇಲ್ಮೈಯಲ್ಲಿ ಮತ್ತೆ ಕಟ್ಟೆಯ ಕಡೆಗೇ ಹಿಂದಿರುಗುತ್ತದೆ. ಅದರಲ್ಲಿ ಸಿಕ್ಕ ಮರದ ದಿಮ್ಮಿ ಗಂಟೆಗಟ್ಟಲೆ ಅಲ್ಲಿಯೇ ಉರುಳುತ್ತಿರುವುದುಂಟು. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ನೀರು ದೇಹವನ್ನು ಎಂದಿನಂತೆ ತೇಲಿಸುವುದೂ ಇಲ್ಲ. ಆದುದರಿಂದ ಕೋಡಿಯ ಕೆಳಗಿನ ನೊರೆ ಮೊಣಕಾಲುದ್ದವಾಗಿ ಕಂಡರೂ ಅದಕ್ಕೆ ಇಳಿಯಲಾಗದು. ಹಳ್ಳದ ಬಾಯಿಯ ಸೆಳವು ಬೇರೆ ಬಗೆಯದು. ಅದಕ್ಕೆ ಎದುರಾಗಿ ಈಜಿ ದಣಿಯದೆ, ಅಂಗಾತ ತೇಲುತ್ತ, ಸೆಳವಿಗೆ ಅಡ್ಡಲಾಗಿ ದಡದತ್ತ ಸರಿದರೆ ಪಾರಾಗಬಹುದು.

ಇದಲ್ಲದೆ ಮನುಷ್ಯನೇ ತೋಡಿದ ಅಪಾಯವೂ ಉಂಟು. ಹಿಂದೆ ಬೇಸಿಗೆಯಲ್ಲಿ ಹೊಲಕ್ಕೆ ಗೋಡುಮಣ್ಣನ್ನು ಗಾಡಿಗಳಲ್ಲಿ ಸಾಗಿಸುತ್ತಿದ್ದಾಗ ಕೆರೆಯಂಗಳ ಬಹುಮಟ್ಟಿಗೆ ಸಮನಾಗಿಯೇ ಉಳಿಯುತ್ತಿತ್ತು. ಈಗ ಯಂತ್ರಗಳು ಗೋಡೆಯಂತೆ ನೆಟ್ಟಗೆ ಕಡಿದು ಗುಂಡಿ ಮಾಡುತ್ತವೆ. ಮಳೆ ಬಂದು ನೀರು ನಿಂತ ಮೇಲೆ ಅವು ಕಾಣವು. ಎಮ್ಮೆ ಮೈ ತೊಳೆಯಲು ಇಳಿದ ಬಾಲಕನ ಮುಂದಿನ ಹೆಜ್ಜೆಗೆ ನೆಲವೇ ಇರುವುದಿಲ್ಲ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಬಳಿಕ ಹೆಚ್ಚಿದ ಕೃಷಿಹೊಂಡಗಳ ಪ್ಲಾಸ್ಟಿಕ್ ಹೊದಿಕೆಯೂ ಹೀಗೆಯೇ: ಜಾರಿ ಬಿದ್ದವನಿಗೆ ಹತ್ತಲು ಆಸರೆಯಿಲ್ಲ. ಬೇಲಿಯೊಂದಿಗೆ, ಗಂಟು ಹಾಕಿದ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರೆ ಜೀವ ಉಳಿದೀತು.

ಮುಳುಗುವವನು ಕೂಗುತ್ತಾನೆ, ಕೈ ಬೀಸುತ್ತಾನೆ ಎಂಬುದು ನಾಟಕದ ದೃಶ್ಯ. ನಿಜವಾಗಿ ಮುಳುಗುವವನಿಗೆ ಉಸಿರೆಳೆಯಲೇ ಬಿಡುವಿರುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತ, ಒಂದು ನಿಮಿಷದೊಳಗೆ ಸದ್ದಿಲ್ಲದೆ ಕೆಳಗಿಳಿಯುತ್ತಾನೆ. ಅವನನ್ನು ಕಂಡು ಧುಮುಕಿದ ಅಣ್ಣ, ಅವನ ಹಿಂದೆ ಗೆಳೆಯ, ಹೀಗೆ ಒಂದೇ ಮನೆಯ, ಒಂದೇ ತರಗತಿಯ ಇಬ್ಬರು ಮೂವರು ಒಟ್ಟಿಗೆ ತೀರಿಕೊಂಡ ವಾರ್ತೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರೀತಿಯೇ ಅಲ್ಲಿ ಮೃತ್ಯುವಾಗುತ್ತದೆ. ದಡದಲ್ಲಿ ಮಲಗಿ ಬಿದಿರುಗಳ ಚಾಚಬಹುದು. ಪಂಚೆ ಅಥವಾ ಸೀರೆಯ ತುದಿಯನ್ನು ಎಸೆಯಬಹುದು. ಬಾಯಿ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ಹಗ್ಗಕ್ಕೆ ಕಟ್ಟಿ ಎಸೆದರೆ ವಯಸ್ಕನನ್ನೂ ಅದು ತೇಲಿಸುತ್ತದೆ. ಇಂಥ ಒಂದು ಕ್ಯಾನು ಮತ್ತು ಇಪ್ಪತ್ತು ಮೀಟರು ಹಗ್ಗ ಪ್ರತಿ ಕೆರೆಯ ಏರಿಯ ಮೇಲೆ ತೂಗುಹಾಕಲು ಎಷ್ಟು ಹಣ ಬೇಕು?

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಊರ ಕೊಳದೊಳಗೇ ಬಿದಿರಿನ ಅಟ್ಟಣೆ ಕಟ್ಟಿ ಮಕ್ಕಳಿಗೆ ಈಜು ಕಲಿಸುತ್ತಾರೆ. ಈಜಿನಷ್ಟೇ ಮುಖ್ಯವಾಗಿ ತೇಲಿ ನಿಲ್ಲುವುದನ್ನೂ, ದಡದಿಂದಲೇ ಕೋಲು ಚಾಚುವುದನ್ನೂ ಹೇಳಿಕೊಡುತ್ತಾರೆ. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ಈಜು ಕಲಿಸುತ್ತಿದ್ದ ನಾಡಿಗೆ ಇದು ಹೊಸದೇನಲ್ಲ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ ಕಾಲುಭಾಗದಷ್ಟು ಐದು ವರ್ಷ ತುಂಬದ ಮಕ್ಕಳು.

ಮೇಲೆತ್ತಿದ ಬಳಿಕ ನಡೆಯುವ ತಪ್ಪುಗಳೂ ಜೀವಘಾತಕವೇ. ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಅದುಮುವುದು ಇವುಗಳಿಂದ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಸತ್ತವರು ಏಳುವರೆಂಬ ಸುಳ್ಳು ಮೊಬೈಲುಗಳಲ್ಲಿ ಹರಿದಾಡಿ, ಮಕ್ಕಳ ಕಳೇಬರದ ಮೇಲೆ ಚೀಲಗಟ್ಟಲೆ ಉಪ್ಪು ಸುರಿದು ಕಾದು ಕುಳಿತ ತಂದೆತಾಯಿಗಳಿದ್ದಾರೆ. ಉಸಿರಾಟ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳು ಕೆಡತೊಡಗುವುದರಿಂದ, ಅಂಗಾತ ಮಲಗಿಸಿ ಮೂಗು ಹಿಡಿದು ಬಾಯಿಯಿಂದ ಉಸಿರು ಊದುವುದು, ಎದೆಯ ನಡುವೆ ಬಲವಾಗಿ ಒತ್ತುವುದು, ಇವೆರಡನ್ನೂ ಕೂಡಲೇ ತೊಡಗಬೇಕು. ಅದೇ ವೇಳೆಗೆ ಮತ್ತೊಬ್ಬರು 108ಕ್ಕೆ ಕರೆ ಮಾಡಬೇಕು. ಮಗು ಚೇತರಿಸಿಕೊಂಡು ಮಾತನಾಡಿದರೂ ಮನೆಗೆ ಕರೆದೊಯ್ಯದೆ ಆಸ್ಪತ್ರೆಗೇ ಸೇರಿಸತಕ್ಕದ್ದು. ಶ್ವಾಸಕೋಶದೊಳಗೆ ಹೋದ ನೀರಿನ ಪರಿಣಾಮ ಕೆಲವು ಗಂಟೆಗಳ ಅನಂತರವೂ ಉಲ್ಬಣಿಸಬಹುದು.