ಇಳಿಸಿದ ಕೈಗೆ ಅಂಕ ಕಳೆಯುವುದಿಲ್ಲ

*ದಿನದ ಧಮ್ಮ ಚಿಂತನೆ*



ಕಳೆದ ಭಾನುವಾರ ನಾನೊಂದು ಏರ್ ಪಿಸ್ತೂಲ್ ಪಂದ್ಯದಲ್ಲಿ ಭಾಗವಹಿಸಿದ್ದೆ. ವಿಷಯ ತಿಳಿದ ನಮ್ಮ ಬಳಗದ ಹಿರಿಯರೊಬ್ಬರು, "ಪಂಚಶೀಲ ಹೇಳುವವರ ಕೈಯಲ್ಲಿ ಪಿಸ್ತೂಲೇನಮ್ಮಾ?" ಎಂದು ನಕ್ಕರು. "ಗುರಿ ಬರೀ ಕಾಗದ ಅಣ್ಣಾ" ಎಂದೆ. ಆದರೆ ಆ ಕಾಗದದ ಮೇಲೆ ನಾನು ಕಂಡದ್ದು ನನ್ನ ಮನಸ್ಸನ್ನೇ. ಇಂದಿನ ಚಿಂತನೆ ಅದರ ಬಗ್ಗೆ.

ಮಗಳನ್ನು ಶೂಟಿಂಗ್ ತರಬೇತಿಗೆ ಕರೆದೊಯ್ದು ಬೆಂಚಿನ ಮೇಲೆ ಕಾಯುತ್ತಿದ್ದೆ. ಒಂದು ದಿನ ಕೋಚ್, "ಸುಮ್ಮನೆ ಕೂರುವ ಬದಲು ನೀವೂ ಹಿಡಿದು ನೋಡಿ ಮೇಡಂ" ಎಂದರು. ಹಾಗೆ ಶುರುವಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದರಲ್ಲ, ಅದೇ 10 ಮೀಟರ್ ಸ್ಪರ್ಧೆ. ಯಾವ ಆಸರೆಯೂ ಇಲ್ಲದೆ ನಿಂತು, ಒಂದೇ ಕೈಯಲ್ಲಿ ಪಿಸ್ತೂಲು ಹಿಡಿಯಬೇಕು. ಪೆಲೆಟ್ಟಿನ ಅಗಲ 4.5 ಮಿಲಿಮೀಟರ್. ಹತ್ತು ಅಂಕ ಕೊಡುವ ನಡುವಿನ ವೃತ್ತದ ಅಗಲ 11.5 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು.

ಮೊದಲ ದಿನವೇ ತಿಳಿದದ್ದು, ಕೈ ಅಲುಗದವರು ಯಾರೂ ಇಲ್ಲ. ಪಳಗಿದವರ ಕೈ ಕಡಿಮೆ ಅಲುಗುತ್ತದೆ, ಅಷ್ಟೇ. ಆ ಅಲುಗಾಟದ ಒಳಗೇ ಟ್ರಿಗರನ್ನು ಮೆಲ್ಲಗೆ ಒತ್ತುತ್ತಾ ಹೋಗಬೇಕು. "ಇದೋ ಹತ್ತು ಸಿಕ್ಕಿತು" ಎಂದು ಬೆರಳು ಗಬಕ್ಕನೆ ಎಳೆದರೆ ನಳಿಗೆ ಪಕ್ಕಕ್ಕೆ ಹೊರಳುತ್ತದೆ. ತಣ್ಹಾ ಎಂಬ ಮಾತನ್ನು ಎಷ್ಟೋ ವರ್ಷ ಓದಿದ್ದೆ, ಬೆರಳ ತುದಿಯಲ್ಲಿ ಕಂಡದ್ದು ಅಲ್ಲಿ.

ಕೋಚ್ ಹೇಳಿಕೊಟ್ಟ ಇನ್ನೊಂದು ಪಾಠ: "ಏಳೆಂಟು ಸೆಕೆಂಡಿನಲ್ಲಿ ಗುಂಡು ಹೋಗದಿದ್ದರೆ ಕೈ ಇಳಿಸಿಬಿಡಿ. ಆಮೇಲೆ ತೋಳು ಸೋಲುತ್ತದೆ, ಕಣ್ಣು ಮೋಸ ಮಾಡುತ್ತದೆ. ಇಳಿಸಿದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ ಮೇಡಂ."

ನಮ್ಮ ಪಂದ್ಯ 40 ಗುಂಡಿನದು. 22ರವರೆಗೆ ಹೇಗೋ ಸಾಗಿತು. 23ನೆಯದಕ್ಕೆ ಕೈ ಎತ್ತಿದೆ. ಉಸಿರು ತಗ್ಗಿತು, ಆದರೆ ಗುರಿ ಕೂಡಲಿಲ್ಲ. ಹತ್ತು ಸೆಕೆಂಡು ಕಳೆದಿರಬೇಕು. ಇಳಿಸಬೇಕೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಬೆರಳು ಒತ್ತಿತು. ಐದು ಅಂಕ.

ಗೊತ್ತಿಲ್ಲದೆ ತಪ್ಪಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಗೊತ್ತಿದ್ದೂ ಏಕೆ ಇಳಿಸಲಿಲ್ಲ? ಹುಡುಕಿದರೆ ಸಿಕ್ಕಿದ್ದು ಎರಡೇ ಕಾರಣ. ಎತ್ತಿದ ಕೈ ಎತ್ತಿದ್ದಾಗಿದೆ, ಮುಗಿಸಿಬಿಡೋಣ ಎಂಬ ಅವಸರ ಒಂದು. ಹಿಂದೆ ಕೂತವರು ನೋಡುತ್ತಿದ್ದಾರೆ, ಇವಳಿಗೆ ಆಗಲಿಲ್ಲ ಅಂದುಕೊಂಡಾರು ಎಂಬ ಅಹಂಕಾರ ಇನ್ನೊಂದು.

ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತವನ್ನು ನಾವು ಬಳಗದಲ್ಲಿ ಓದಿದ್ದೇವೆ. ಅಲ್ಲಿ ಬುದ್ಧರು ಮಗ ರಾಹುಲನಿಗೆ ಕನ್ನಡಿಯ ಉಪಮೆ ಕೊಡುತ್ತಾರೆ. ಮೈ, ಮಾತು, ಮನಸ್ಸಿನ ಪ್ರತಿ ಕೆಲಸವನ್ನೂ ಮೂರು ಸಲ ನೋಡಿಕೊಳ್ಳಬೇಕು: ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ. ಮೊದಲನೆಯದನ್ನೂ ಕೊನೆಯದನ್ನೂ ನಾನು ಎಂದೋ ಒಪ್ಪಿಕೊಂಡಿದ್ದೆ. ನಡುವಿನದನ್ನು ಮಾತ್ರ ಓದಿ ದಾಟಿದ್ದೆ. ಮಾಡುತ್ತಿರುವಾಗಲೇ ನೋವು ತರುವುದೆಂದು ಕಂಡರೆ, ಅರ್ಧಕ್ಕೇ ನಿಲ್ಲಿಸಬೇಕು.

ಹಾಗೆ ನಿಲ್ಲಿಸದ ಒಂದು ಮಾತು ನನ್ನ ಲೆಕ್ಕದಲ್ಲಿದೆ. ಎರಡು ತಿಂಗಳ ಹಿಂದೆ ಒಂಬತ್ತನೇ ತರಗತಿಯಲ್ಲಿ ಹುಡುಗನೊಬ್ಬ ಮೂರನೇ ಸಲ ನೋಟ್ಸ್ ತಂದಿರಲಿಲ್ಲ. ಬೈಯಲು ಶುರುಮಾಡಿದೆ. ಮಾತು ಅವನ ಅಪ್ಪನ ಕುಡಿತದ ಕಡೆಗೆ ತಿರುಗುತ್ತಿದೆ ಎಂದು ನನಗೆ ವಾಕ್ಯದ ನಡುವೆಯೇ ಗೊತ್ತಾಯಿತು. ನಿಲ್ಲಿಸಬಹುದಿತ್ತು. ನಲವತ್ತು ಮಕ್ಕಳು ನೋಡುತ್ತಿದ್ದರು, ಮೇಡಂ ತಡವರಿಸಿದಂತೆ ಕಾಣಬಾರದಲ್ಲ! ಮುಗಿಸಿದೆ. ಯಾರೋ ಹಿಂದಿನಿಂದ ನಕ್ಕರು. ಅವನು ಮೂರು ದಿನ ಶಾಲೆಗೆ ಬರಲಿಲ್ಲ.

ಪಂದ್ಯದಲ್ಲಿ ಉಳಿದ 17 ಗುಂಡುಗಳಿಗೆ ನಾನು ಲೆಕ್ಕವಿಲ್ಲದಷ್ಟು ಸಲ ಕೈ ಇಳಿಸಿದೆ. ಒಂದು ಗುಂಡಿಗಂತೂ ನಾಲ್ಕು ಸಲ. ಯಾರೂ ನಗಲಿಲ್ಲ, ಯಾರೂ ನನ್ನನ್ನು ನೋಡುತ್ತಲೂ ಇರಲಿಲ್ಲ. 400ಕ್ಕೆ 311 ಬಂತು, ಪಟ್ಟಿಯಲ್ಲಿ ಕೊನೆಯಿಂದ ಮೂರನೆಯವಳು. ಆ ಐದರ ತೂತಿದ್ದ ಕಾರ್ಡನ್ನು ಮಾತ್ರ ಕೇಳಿ ತಂದು ನನ್ನ ಟೀಚಿಂಗ್ ಡೈರಿಯೊಳಗೆ ಇಟ್ಟಿದ್ದೇನೆ.

ಸೋಮವಾರ ಆ ಹುಡುಗನನ್ನು ಕರೆದು, "ಅವತ್ತು ನಿನ್ನ ಅಪ್ಪನ ಮಾತು ಎತ್ತಿದ್ದು ನನ್ನ ತಪ್ಪು ಕಣೋ" ಎಂದೆ. "ಪರವಾಗಿಲ್ಲ ಮೇಡಂ" ಎಂದ, ನೆಲ ನೋಡುತ್ತಲೇ. ಇನ್ನೂ ಕೊನೆಯ ಬೆಂಚಿನಲ್ಲೇ ಕೂರುತ್ತಾನೆ. ತಪ್ಪೊಪ್ಪಿಕೊಂಡರೆ ಕಾಗದದ ತೂತು ಮುಚ್ಚುವುದಿಲ್ಲ. ಅವನು ಮುಂದಿನ ಬೆಂಚಿಗೆ ಬರಬೇಕೆಂದು ನಾನು ಕಾಯುವುದೂ ಹತ್ತಕ್ಕೆ ಆಸೆಪಟ್ಟ ಹಾಗೆಯೇ. ಬೈಗುಳವಿಲ್ಲದ ತರಗತಿಯನ್ನು ದಿನವೂ ಕೊಡುವುದಷ್ಟೇ ನನ್ನ ಕೈಯಲ್ಲಿದೆ.

ರಾಹುಲನಿಗೆ ಬುದ್ಧರು ಇನ್ನೊಂದು ಮಾತನ್ನೂ ಹೇಳಿದ್ದರು: ಆಗಿಹೋದ ತಪ್ಪನ್ನು ಗುರುಗಳ ಮುಂದೆ, ಅರಿತ ಸಂಗಡಿಗರ ಮುಂದೆ ತೆರೆದಿಡಬೇಕು, ಮುಂದೆ ಎಚ್ಚರ ವಹಿಸಬೇಕು. ನನ್ನ ಸರದಿಯ ಈ ಚಿಂತನೆಯನ್ನು ಬರೆದದ್ದು ಅದಕ್ಕಾಗಿಯೇ.

*ಇಂದಿನ ಅಭ್ಯಾಸ:* ಮನೆಯಲ್ಲೋ ಕೆಲಸದಲ್ಲೋ ಒಂದು ಮಾತು ಶುರುವಾದ ಮೇಲೆ ಅದು ಚುಚ್ಚಲು ಹೊರಟಿದೆ ಎಂದು ಅನ್ನಿಸಿದರೆ, ವಾಕ್ಯ ಪೂರ್ತಿಯಾಗದಿದ್ದರೂ ಚಿಂತೆಯಿಲ್ಲ, ಅಲ್ಲಿಗೇ ಬಿಡಿ. ಒಂದು ಉಸಿರು ಬಿಟ್ಟು ನೋಡಿ. ರಾತ್ರಿ ಮಲಗುವ ಮುನ್ನ, ಇಂದು ಎಷ್ಟು ಸಲ ಇಳಿಸಿದೆ ಎಂದು ಎಣಿಸಿಕೊಳ್ಳಿ.

ಎಲ್ಲ ಜೀವಿಗಳಿಗೂ ಒಳಿತಾಗಲಿ. 🙏