ಮೊದಲು ಫ್ಯಾನು, ಆಮೇಲೆ ಪ್ಯಾನೆಲ್ಲು

ಸೋಲಾರ್ ಮಾರಲು ಬರುವವರ ಬಾಯಲ್ಲಿ ಮೊದಲು ಹೊರಡುವ ಮಾತು, "ಮೇಡಂ, ಇನ್ಮೇಲೆ ನಿಮ್ಮ ಕರೆಂಟ್ ಬಿಲ್ ಸೊನ್ನೆ." ಶಿವಮೊಗ್ಗದ ನಮ್ಮ ಮನೆಯ ತಾರಸಿಯ ಮೇಲೆ ಮೂರು ಕಿಲೋವಾಟ್‌ನ ಪ್ಯಾನೆಲ್‌ಗಳು ಕೂತು ಎರಡು ಮಳೆಗಾಲ ಕಳೆದಿವೆ. ಬಿಲ್ ಗಣನೀಯವಾಗಿ ಇಳಿದಿದೆ, ಸೊನ್ನೆಯಂತೂ ಆಗಿಲ್ಲ. ಮಂಜೂರಾದ ಲೋಡಿನ ಮೇಲೆ ಬೀಳುವ ನಿಗದಿತ ಶುಲ್ಕಕ್ಕೂ ಬಿಸಿಲಿಗೂ ಸಂಬಂಧವಿಲ್ಲ. 2025-26ರ ದರಪಟ್ಟಿಯಲ್ಲಿ ಅದು ಕಿಲೋವಾಟ್‌ಗೆ 145 ರೂಪಾಯಿ. ನಮ್ಮದು 4 ಕಿಲೋವಾಟ್ ಲೋಡು. ಅಲ್ಲಿಗೆ 580 ರೂಪಾಯಿ, ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಬರುತ್ತದೆ. ಸೋಲಾರ್ ಕಡಿಮೆ ಮಾಡುವುದು ಯೂನಿಟ್ಟಿನ ಖರ್ಚನ್ನು ಮಾತ್ರ. ಅದು ಎಷ್ಟೆಂದು ಗೊತ್ತಿಲ್ಲದೆ ಮುಂಗಡ ಕೊಡಬಾರದು ಎಂಬುದು ನನ್ನ ಹಟ.

ಅದೇ ದರಪಟ್ಟಿಯ ಪ್ರಕಾರ ಗೃಹ ಬಳಕೆಯ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ನೌಕರರ ಪಿಂಚಣಿ ಬಾಬ್ತಿನ 36 ಪೈಸೆ, ಶೇ 9 ವಿದ್ಯುತ್ ತೆರಿಗೆ. ತಿಂಗಳಿಂದ ತಿಂಗಳಿಗೆ ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕವನ್ನು ಬದಿಗಿಟ್ಟರೆ, ನಾವು ಉಳಿಸುವ ಒಂದೊಂದು ಯೂನಿಟ್ಟಿನ ಬೆಲೆ ಆರು ರೂಪಾಯಿ 70 ಪೈಸೆಯ ಆಸುಪಾಸು. ಇದೊಂದು ಅಂಕಿ ಕೈಯಲ್ಲಿದ್ದರೆ ಮಾರಾಟಗಾರರ ಬಣ್ಣದ ಕಾಗದದ ಮುಂದೆ ಧೈರ್ಯವಾಗಿ ಕೂರಬಹುದು.

ಇನ್ನೊಂದು ಪ್ರಶ್ನೆ ಕರ್ನಾಟಕದವರಿಗೇ ವಿಶೇಷವಾದದ್ದು: ನಿಮಗೆ ಗೃಹಜ್ಯೋತಿ ಬರುತ್ತಿದೆಯೆ? 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ ಕೊಡುವ ಈ ಯೋಜನೆ 2023ರಲ್ಲಿ ಬಂತು. ನಮ್ಮದು ಅತ್ತೆ, ನಾವಿಬ್ಬರು, ಮಕ್ಕಳಿಬ್ಬರು, ಮೇಲಿನ ಮಹಡಿಯಲ್ಲಿ ಮೈದುನನ ಸಂಸಾರ, ಎಲ್ಲಕ್ಕೂ ಒಂದೇ ಮೀಟರ್ ಇರುವ ಮನೆ. ಸರಾಸರಿ 200 ದಾಟಿತ್ತು, ಹಾಗಾಗಿ ನಾವು ಮೊದಲಿನಿಂದಲೂ ಹೊರಗೆ. ಆದರೆ ತಿಂಗಳಿಗೆ 160 ಯೂನಿಟ್ ಸುಡುವ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಸೋಲಾರ್ ಹಾಕಿಸಲೇ ಎಂದು ಕೇಳಿದಾಗ ಬೇಡ ಎಂದುಬಿಟ್ಟೆ. ಶೂನ್ಯ ಬಿಲ್ ಬರುತ್ತಿರುವ ಮನೆಯಲ್ಲಿ ಲಕ್ಷ ರೂಪಾಯಿ ತಾರಸಿಗೆ ಏರಿಸಿ ಉಳಿಸುವುದೇನನ್ನು? ಪರಿಸರದ ಮೇಲಿನ ಪ್ರೀತಿಯಿಂದ ಹಾಕಿಸಿದರೆ ಅದು ಬೇರೆ ಮಾತು, ಹಣಕಾಸಿನ ಅಂಕಣದಲ್ಲಿ ಅದಕ್ಕೆ ಉತ್ತರವಿಲ್ಲ.

ಪ್ಯಾನೆಲ್ ಹಾಕಿಸುವ ಮುಂಚೆ ನಮ್ಮ ಬಳಕೆ ತಿಂಗಳಿಗೆ ಸರಾಸರಿ 380 ಯೂನಿಟ್. ಸ್ನಾನದ ನೀರು ಲೆಕ್ಕದಲ್ಲಿರಲಿಲ್ಲ. ಮನೆ ಕಟ್ಟಿಸಿದಾಗಲೇ ಮಾವನವರು ಬಿಸಿನೀರಿನ ಸೋಲಾರ್ ಹಾಕಿಸಿದ್ದರು. ಅದಕ್ಕೆ ಆಗೆಲ್ಲ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿ ಸಿಗುತ್ತಿತ್ತು. ಆ ಐವತ್ತು ರೂಪಾಯಿಯನ್ನು ಅವರು ಪ್ರತಿ ತಿಂಗಳೂ ಬಿಲ್ಲಿನಲ್ಲಿ ಬೆರಳಿಟ್ಟು ತೋರಿಸುತ್ತಿದ್ದರು. ಹಾಗಾದರೆ ಉಳಿದ ಕರೆಂಟು ಹೋಗುತ್ತಿದ್ದುದು ಎಲ್ಲಿಗೆ? ಫ್ರಿಜ್ಜು, ಪಂಪು, ಗ್ರೈಂಡರ್ ಇದ್ದೇ ಇವೆ. ಕಣ್ಣಿಗೆ ಬೀಳದ ಕಳ್ಳ ತಲೆಯ ಮೇಲೇ ತಿರುಗುತ್ತಿದ್ದ. ಹಳೆಯ ಸೀಲಿಂಗ್ ಫ್ಯಾನು 75 ವಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಮೋಟಾರಿನದು 30 ವಾಟ್‌ನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಹೆಚ್ಚು ಓಡುವ ಆರು ಫ್ಯಾನುಗಳನ್ನು ಬದಲಾಯಿಸಿದೆವು. ಖರ್ಚು 18,000 ರೂಪಾಯಿ. ಬೇಸಿಗೆಯಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ, ವರ್ಷದ ಸರಾಸರಿ ತೆಗೆದರೆ ತಿಂಗಳಿಗೆ 60 ಯೂನಿಟ್ ಇಳಿಯಿತು. ಎಂದರೆ 400 ರೂಪಾಯಿ. ಹಾಕಿದ ಹಣ ನಾಲ್ಕು ವರ್ಷದೊಳಗೆ ವಾಪಸ್. ಅದೇ 60 ಯೂನಿಟ್ಟನ್ನು ಪ್ಯಾನೆಲ್ಲಿನಿಂದ ಹುಟ್ಟಿಸಬೇಕೆಂದರೆ ಅರ್ಧ ಕಿಲೋವಾಟಿಗಿಂತ ಹೆಚ್ಚು ಬೇಕು; ಮೂವತ್ತು ಸಾವಿರಕ್ಕೂ ಮೀರಿದ ಮಾತು. ಈ ಲೆಕ್ಕವನ್ನು ಸೋಲಾರ್ ಮಾರುವವರು ಯಾರೂ ಹೇಳುವುದಿಲ್ಲ, ಹೇಳಿ ಅವರಿಗೆ ಆಗಬೇಕಾದ್ದೂ ಇಲ್ಲ.

ಬಳಕೆ 320ಕ್ಕೆ ಇಳಿದ ಮೇಲೆ ಮೂರು ಕಿಲೋವಾಟ್ ಸಾಕು ಎಂದು ಗೊತ್ತಾಯಿತು. ಐದು ಹಾಕಿಸಿ ಎಂದು ಒತ್ತಾಯವಿತ್ತು. "ಮುಂದೆ ಎಸಿ ಹಾಕಿಸ್ತೀರಲ್ಲ ಮೇಡಂ!" ಇಲ್ಲಿ ಕೇಂದ್ರದ ಸಬ್ಸಿಡಿಯ ಒಳಗುಟ್ಟು ತಿಳಿದಿರಬೇಕು. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಲ್ಲಿಗೆ 78,000ಕ್ಕೆ ನಿಂತಿತು. ನಾಲ್ಕು ಹಾಕಿಸಿ, ಹತ್ತು ಹಾಕಿಸಿ, ಅಷ್ಟೇ. ನಾಲ್ಕನೆಯ ಕಿಲೋವಾಟಿನಿಂದಾಚೆಗಿನದೆಲ್ಲ ಪೂರ್ತಿ ನಮ್ಮ ದುಡ್ಡು. ಆ ಹೆಚ್ಚುವರಿ ಕರೆಂಟು ಏನಾಗುತ್ತದೆ? ನೆಟ್ ಮೀಟರು ತಿಂಗಳಿಡೀ ಒಳಬಂದದ್ದನ್ನೂ ಹೊರಹೋದದ್ದನ್ನೂ ಬರೆದಿಟ್ಟುಕೊಂಡು ಒಂದಕ್ಕೊಂದು ವಜಾ ಹಾಕುತ್ತದೆ. ಆಮೇಲೂ ನಾವು ಕೊಟ್ಟದ್ದೇ ಹೆಚ್ಚಿದ್ದರೆ ಅದನ್ನು ವಿದ್ಯುತ್ ಕಂಪನಿ ಕೊಳ್ಳುತ್ತದೆ, ನಾವು ಕೊಳ್ಳುವ ಬೆಲೆಯ ಅರ್ಧಕ್ಕೂ ಕಡಿಮೆಗೆ. 2013ರಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಸಬ್ಸಿಡಿ ಪಡೆಯದವರ ತಾರಸಿ ವಿದ್ಯುತ್ತಿಗೆ 9 ರೂಪಾಯಿ 56 ಪೈಸೆ ಗೊತ್ತು ಮಾಡಿದ್ದ ಕಾಲವೊಂದಿತ್ತು. ಆಗ ಪ್ಯಾನೆಲ್ಲಿನ ಬೆಲೆಯೂ ಈಗಿಗಿಂತ ಬಹಳ ಹೆಚ್ಚಿತ್ತೆನ್ನಿ. ಕರೆಂಟು ಮಾರಿ ಶ್ರೀಮಂತರಾಗುವ ಆಸೆ ಈಗ ಬೇಡ.

ನಮಗೆ ತಗುಲಿದ್ದೆಷ್ಟು? 540 ವಾಟಿನ ಆರು ಪ್ಯಾನೆಲ್, ಇನ್ವರ್ಟರ್, ಮೂರು ಅರ್ಥಿಂಗ್ ಗುಂಡಿ, ಸಿಡಿಲು ನಿರೋಧಕ ಎಲ್ಲ ಸೇರಿ 1,95,000. ಸಬ್ಸಿಡಿ ಬೇಕಾದರೆ ಸೆಲ್ಲೂ ಪ್ಯಾನೆಲ್ಲೂ ದೇಶದಲ್ಲೇ ತಯಾರಾದದ್ದಾಗಿರಬೇಕು. ಅದು ಆಮದಿನದಕ್ಕಿಂತ ದುಬಾರಿ. ಅರ್ಥಿಂಗಿನಲ್ಲಿ ಚೌಕಾಸಿ ಮಾಡಬೇಡಿ. ಏಪ್ರಿಲ್-ಮೇ ತಿಂಗಳ ನಮ್ಮ ಕಡೆಯ ಸಿಡಿಲು ತಮಾಷೆಯಲ್ಲ.

ಇದರ ಮೇಲೆ 25,000 ರೂಪಾಯಿಯ ಇನ್ನೊಂದು ಬಾಬ್ತು ಸೇರಿತು. ಅದಕ್ಕೆ ಕಾರಣ ಅತ್ತೆ. ಪ್ಯಾನೆಲ್ಲನ್ನು ನೆಲಕ್ಕೆ ತಗ್ಗಾಗಿ ಕೂರಿಸುವುದೇ ಅಗ್ಗದ ದಾರಿ, ಕೊಟೇಶನ್ನಿನಲ್ಲಿ ಇದ್ದದ್ದೂ ಅದೇ. ಆದರೆ ಒಂದು ಕಿಲೋವಾಟ್‌ಗೆ ಸುಮಾರು ನೂರು ಚದರಡಿ ಬೇಕು, ಮೂರಕ್ಕೆ ಮುನ್ನೂರು. ನೀರಿನ ಟ್ಯಾಂಕು, ಬಿಸಿನೀರಿನ ಸೋಲಾರ್ ಬಿಟ್ಟು ತಾರಸಿಯಲ್ಲಿ ಬಿಸಿಲು ಬೀಳುತ್ತಿದ್ದ ಜಾಗವೇ ಅಷ್ಟು. "ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಎಲ್ಲಿ ಒಣಗಿಸೋದು? ನಿಮ್ಮ ಕರೆಂಟಿಗೆ ನನ್ನ ಬಿಸಿಲು ಕೊಡಲ್ಲ ನಾನು" ಎಂದರು. ನ್ಯಾಯವಾದ ಮಾತು. ತಾರಸಿಯೂ ಮನೆಯ ಒಂದು ಕೋಣೆಯೇ, ಅದಕ್ಕೂ ಬಾಡಿಗೆ ಉಂಟು. ಏಳಡಿ ಎತ್ತರದ ಕಬ್ಬಿಣದ ಸ್ಟ್ರಕ್ಚರ್ ಹಾಕಿಸಿದೆವು. ಮಳೆ ಬಂದಾಗ ಕೆಳಗೆ ಬಟ್ಟೆ ಹರವಬಹುದು ಎಂಬುದು ಅತ್ತೆಯ ಲಾಭ, ಎತ್ತರಿಸಿದ್ದರಿಂದ ಟ್ಯಾಂಕಿನ ನೆರಳು ತಪ್ಪಿದ್ದು ನಮ್ಮ ಲಾಭ. ಪ್ಯಾನೆಲ್‌ಗಳನ್ನು ಸಾಲಾಗಿ ಒಂದೇ ತಂತಿಗೆ ಕೋದಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೆ ಇಡೀ ಸಾಲಿನ ಉತ್ಪಾದನೆಯೇ ಕುಗ್ಗಬಹುದು. ತೆಂಗಿನ ಮರ ಇರುವವರು, ದಕ್ಷಿಣಕ್ಕೆ ನಾಳೆ ಮನೆ ಏಳಬಹುದಾದ ಖಾಲಿ ಸೈಟು ಇರುವವರು ಇದನ್ನು ಮರೆಯಬಾರದು.

ಒಟ್ಟು 2,20,000, ಸಬ್ಸಿಡಿ ಕಳೆದು 1,42,000. ಸಬ್ಸಿಡಿ ಮೊದಲೇ ಕೈಗೆ ಬರುವುದಿಲ್ಲ. ಮೀಟರ್ ಕೂತು, ತಪಾಸಣೆ ಮುಗಿದ ಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. ಅದೂ ಬಿಲ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ನಮ್ಮ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ತೀರಿಹೋದ ಮಾವನವರ ಹೆಸರಿನಲ್ಲೇ ಇತ್ತು. ಮನೆಯ ಖಾತೆ, ಮರಣ ಪ್ರಮಾಣಪತ್ರ, ವಂಶವೃಕ್ಷ ಹೊತ್ತು ಹೆಸರು ಬದಲಾಯಿಸುವಷ್ಟರಲ್ಲಿ ನಮ್ಮ ಯಜಮಾನರ ರಜೆಗಳೆಲ್ಲ ಖರ್ಚಾದವು. ನಿಮ್ಮ ಮನೆಯಲ್ಲೂ ಬಿಲ್ ಹಿರಿಯರ ಹೆಸರಿನಲ್ಲಿದ್ದರೆ, ಸೋಲಾರ್ ಬೇಕೋ ಬೇಡವೋ, ಆ ಕೆಲಸ ಈಗಲೇ ಶುರು ಮಾಡಿ.

ಮೂರು ಕಿಲೋವಾಟ್ ನಮ್ಮಲ್ಲಿ ವರ್ಷಕ್ಕೆ 3,900 ಯೂನಿಟ್ ಕೊಡುತ್ತದೆ. ಆದರೆ ತಿಂಗಳು ತಿಂಗಳಿಗೂ ಅಜಗಜಾಂತರ. ಫೆಬ್ರುವರಿ, ಮಾರ್ಚಿನಲ್ಲಿ ದಿನಕ್ಕೆ 14 ಯೂನಿಟ್ ಬರುತ್ತದೆ, ಜುಲೈನ ಜಡಿಮಳೆಯಲ್ಲಿ ನಾಲ್ಕೈದಾದರೆ ಪುಣ್ಯ. ಬಿಸಿಲು ಉರಿದಷ್ಟೂ ಕರೆಂಟು ಹೆಚ್ಚು ಎಂಬುದೂ ಸರಿಯಲ್ಲ. ಪ್ಯಾನೆಲ್ ಕಾದಂತೆಲ್ಲ ಅದರ ಸಾಮರ್ಥ್ಯ ತುಸು ತುಸುವೇ ತಗ್ಗುತ್ತದೆ. ಅದಕ್ಕೇ ಮೇ ತಿಂಗಳಿಗಿಂತ ಮಾರ್ಚ್ ವಾಸಿ. ಬೇಸಿಗೆಯ ಹೆಚ್ಚುವರಿ ಅಗ್ಗಕ್ಕೆ ಹೋಗಿ, ಮಳೆಗಾಲದ ಕೊರತೆಯನ್ನು ಪೂರ್ತಿ ಬೆಲೆಗೆ ಕೊಳ್ಳುವುದರಿಂದ ನಮ್ಮ ನಿಜವಾದ ಉಳಿತಾಯ ವರ್ಷಕ್ಕೆ 22,500ರ ಸುತ್ತಮುತ್ತ. ಆರು ವರ್ಷ ದಾಟಿದ ಮೇಲೆ ಅಸಲು ವಾಪಸ್. ಮೂರೇ ವರ್ಷ ಎಂದಿದ್ದವರ ಚೀಟಿ ನನ್ನ ಬಳಿ ಇನ್ನೂ ಇದೆ.

ಅದೇ ಹಣ ಎಫ್‌ಡಿಯಲ್ಲಿದ್ದರೆ ಎಂದು ಮೈದುನ ಕೇಳಿದ. ಶೇ 7 ಎಂದರೂ ಹತ್ತಿರ ಹತ್ತಿರ ಹತ್ತು ಸಾವಿರ ಬಡ್ಡಿ, ಅದರ ಮೇಲೆ ಆದಾಯ ತೆರಿಗೆ. ಉಳಿಸಿದ 22,500ಕ್ಕೆ ತೆರಿಗೆಯಿಲ್ಲ. ಆದರೆ ಎಫ್‌ಡಿಯಲ್ಲಿ ಕೊನೆಗೆ ಅಸಲು ಕೈಗೆ ಬರುತ್ತದೆ. ತಾರಸಿಯ ಮೇಲಿನ ಅಸಲು ಅಲ್ಲೇ ಸವೆಯುತ್ತದೆ. ಪ್ಯಾನೆಲ್ಲಿಗೆ 25 ವರ್ಷದ ವಾರಂಟಿ ಇದ್ದರೂ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಹತ್ತು ವರ್ಷದ ಆಚೆಗೊಮ್ಮೆ ಅದನ್ನು ಬದಲಿಸಲು ತಿಂಗಳಿಗೆ 250 ರೂಪಾಯಿಯ ಆರ್‌ಡಿ ಕಟ್ಟುತ್ತಿದ್ದೇನೆ. ಇಷ್ಟೆಲ್ಲ ಕಳೆದೂ ಸೋಲಾರೇ ಗೆಲ್ಲುತ್ತದೆ, ಆದರೆ ಜಾಹೀರಾತಿನಲ್ಲಿ ಗೆದ್ದಷ್ಟು ಅಂತರದಿಂದಲ್ಲ.

ಮನೆಯಲ್ಲಿ ನಡೆದ ಇನ್ನೊಂದು ಪ್ರಸಂಗ. ಕರೆಂಟು ಹೋದಾಗ ಸೋಲಾರ್ ಇದ್ದೂ ಮನೆ ಕತ್ತಲಾದದ್ದು ಕಂಡು ಅತ್ತೆಗೆ ಬೇಸರವೋ ಬೇಸರ. ಬ್ಯಾಟರಿಯಿಲ್ಲದ, ಲೈನಿಗೆ ಜೋಡಿಸಿದ ವ್ಯವಸ್ಥೆ ಲೈನು ಸತ್ತ ಕೂಡಲೇ ತಾನೂ ನಿಲ್ಲಬೇಕು, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೆ ಕುತ್ತು. ಹಳೆಯ ಯುಪಿಎಸ್ಸನ್ನು ಮಾರದೆ ಇಟ್ಟುಕೊಂಡಿದ್ದೇವೆ. ಇನ್ನು, ಕರೆಂಟು ಬಿಸಿಲಲ್ಲಿ ತಾನೇ ಹುಟ್ಟುವುದು ಎಂದು ಅತ್ತೆ ದೋಸೆಗೆ ರುಬ್ಬುವುದನ್ನು ಮಟಮಟ ಮಧ್ಯಾಹ್ನಕ್ಕೆ ಹಾಕಿಕೊಂಡಿದ್ದರು. ತಿಂಗಳ ಲೆಕ್ಕದಲ್ಲಿ ವಜಾ ಆಗುವುದರಿಂದ ಯಾವ ಹೊತ್ತಿಗೆ ರುಬ್ಬಿದರೂ ಬಿಲ್ಲು ಅಷ್ಟೇ ಎಂದು ತಿಳಿಸಿ ಹೇಳಿದೆ. ಅವರು ನಂಬಲಿಲ್ಲ.

ಈಗ ದೊಡ್ಡ ಮಗ ಎಲೆಕ್ಟ್ರಿಕ್ ಸ್ಕೂಟರಿನ ಹಿಂದೆ ಬಿದ್ದಿದ್ದಾನೆ. ಕಾಲೇಜಿಗೆ ಹೋಗಿಬರಲು ದಿನಕ್ಕೆ 30 ಕಿಲೋಮೀಟರ್. ಅದಕ್ಕೆ ಒಂದು ಯೂನಿಟ್ ಬೇಕು, ತಪ್ಪಿದರೆ ಒಂದೂಕಾಲು. ಪೆಟ್ರೋಲ್ ನೂರು ರೂಪಾಯಿ ದಾಟಿರುವಾಗ ಈಗಿನ ಗಾಡಿ ಅಷ್ಟೇ ದೂರಕ್ಕೆ 65 ರೂಪಾಯಿಗಿಂತ ಹೆಚ್ಚು ಕುಡಿಯುತ್ತದೆ. ಮಾರ್ಚ್ ತಿಂಗಳಲ್ಲಿ ನಾವು ಎರಡು ಮೂರು ರೂಪಾಯಿಗೆ ಲೈನಿಗೆ ಬಿಡುವ ಯೂನಿಟ್ ಆ ಸ್ಕೂಟರಿನ ಹೊಟ್ಟೆಗೆ ಬಿದ್ದರೆ ಅದರ ಬೆಲೆ ಇಪ್ಪತ್ತು ಪಟ್ಟು. ಇದಕ್ಕಾಗಿ ಇನ್ನೊಂದು ಕಿಲೋವಾಟ್ ಸೇರಿಸಬೇಕಿಲ್ಲ, ಇರುವುದೇ ಸಾಕು. ಸ್ಕೂಟರಿನ ಬೆಲೆ, ಬ್ಯಾಟರಿಯ ವಾರಂಟಿ, ಹಳೆಯ ಗಾಡಿಗೆ ಎಷ್ಟು ಸಿಕ್ಕೀತು ಎಂಬುದನ್ನೆಲ್ಲ ಬರೆದುಕೊಂಡು ಬಾ ಎಂದು ಅವನಿಗೆ ಹೇಳಿದ್ದೇನೆ.