ಒಬ್ಬಳೇ ತಂತ್ರಾಂಶ ಮಾಡುವವಳಿಗೆ ದೊಡ್ಡಪ್ಪನ ಕಿವಿಮಾತು

ಜೀರಹಳ್ಳಿಯ ಮನೆಯಲ್ಲೇ ಕೂತು ತರಕಾರಿ ಮಂಡಿಗೆ ಕನ್ನಡದ ಲೆಕ್ಕದ ತಂತ್ರಾಂಶ ಮಾಡ್ತೀನಿ ಅಂದೆಯಲ್ಲವ್ವ, ಸಂತೋಷ. ಆದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಒಟ್ಟಿಗೇ ಕೊಡ್ತೀನಿ ಅಂತ ಯಾರಿಗೂ ಮಾತು ಕೊಡಬೇಡ. ಬರೆಯುವುದು ಒಂದು ಸಲದ ಕೆಲಸ. ಮೂರು ಕಡೆ ನಡೆಸಿಕೊಂಡು ಹೋಗುವುದು ವರ್ಷವರ್ಷದ ಕೆಲಸ, ನೀನೋ ಒಬ್ಬಳೇ.

• ಮೊದಲು ಗಿರಾಕಿಯ ಮೇಜು ನೋಡು. ತಾಳವಾಡಿಯ ಅಂಗಡಿಗಳಲ್ಲಿ ವಿಂಡೋಸ್. ಹತ್ತೋ ಹನ್ನೊಂದೋ ಕೇಳಿಕೋ. ಹತ್ತಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು, ಅಂಗಡಿಯವರು ಬಳಕೆ ನಿಲ್ಲಿಸಿಲ್ಲ. ಲಿನಕ್ಸೂ ನಮ್ಮ ಕಡೆಗೆ ಹೊಸದಲ್ಲ: 2011ರಲ್ಲಿ ಶುರುವಾದ ನಮ್ಮ ತಮಿಳುನಾಡಿನ ಉಚಿತ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಪಕ್ಕದಲ್ಲೇ ಬಾಸ್ ಲಿನಕ್ಸ್ ಇತ್ತು.

• ಒಂದಕ್ಕೇ ಮಾಡಿದರೆ ಕೀಳಲ್ಲ. 1998ರಲ್ಲಿ ಶೇಷಾದ್ರಿವಾಸು ‘ಬರಹ’ ಹೊರತಂದದ್ದು ವಿಂಡೋಸಿಗೆ.

• ನಿನ್ನ ದೊಡ್ಡ ತಲೆನೋವು ಕನ್ನಡ ಅಕ್ಷರವೇ. ಒತ್ತು ಕೂಡಿಸುವ ಕೆಲಸವನ್ನು ಲಿನಕ್ಸಿನಲ್ಲಿ ಹಾರ್ಫ್‌ಬಜ್ ಮಾಡಿದರೆ ವಿಂಡೋಸಿನಲ್ಲಿ ಡೈರೆಕ್ಟ್‌ರೈಟ್, ಮ್ಯಾಕ್‌ನಲ್ಲಿ ಕೋರ್‌ಟೆಕ್ಸ್ಟ್. ಫಾಂಟೂ ಬೇರೆ ಬೇರೆ. ಒಂದರಲ್ಲಿ ಸರಿಯಾಗಿ ಕೂತ ಬಿಲ್ಲಿನ ಸಾಲು ಇನ್ನೊಂದರಲ್ಲಿ ಅಂಚು ದಾಟುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ತಂತ್ರಾಂಶದ ಜೊತೆಗೇ ಕಳಿಸು. ‘ಸೂರ್ಯ’, ‘ರ‍್ಯಾಂಕ್’ ಎರಡನ್ನೂ ಎಲ್ಲ ಕಡೆ ಪ್ರಿಂಟ್ ತೆಗೆದು ನೋಡು. ಅರ್ಕಾವತ್ತು ಮೊದಲನೆಯದರಲ್ಲಿ ಬರಬೇಕು, ಎರಡನೆಯದರಲ್ಲಿ ಬರಬಾರದು. ಚಾಮರಾಜನಗರದ ಕಡೆಯಿಂದ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನ ಪಟ್ಟಿ ಬಂದರೆ ಯೂನಿಕೋಡಿಗೆ ಬದಲಿಸಿಕೊಳ್ಳದೆ ಮುಟ್ಟಲೇಬೇಡ.

• ಫೈಲಿನ ಹೆಸರು ಕನ್ನಡದಲ್ಲಿದ್ದರೆ ಎಚ್ಚರ. ನಮ್ಮೂರು ಜೀರಹಳ್ಳಿಯ ಹೆಸರನ್ನೇ ತಗೋ. ‘ಜೀ’ಯ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಬೇರೆ ದೀರ್ಘ ಬೇರೆ ಎಂದು ಒಡೆದೂ ಇಡಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಒಡೆದೇ ಇಡುತ್ತಿತ್ತು. ಕಣ್ಣಿಗೆ ಎರಡೂ ಒಂದೇ, ಲಿನಕ್ಸಿಗೆ ಮಾತ್ರ ಎರಡು ಬೇರೆ ಫೈಲು. ಹೋಲಿಸುವ ಮೊದಲು ಎರಡು ಹೆಸರನ್ನೂ ಒಂದೇ ಸಂಕೇತದ ಎನ್‌ಎಫ್‌ಸಿ ರೂಪಕ್ಕೆ ತಂದುಕೋ.

• ತಂತ್ರಾಂಶಕ್ಕೆ ಹಾಕುವ ಡಿಜಿಟಲ್ ಸಹಿಯ ಖರ್ಚು ಲೆಕ್ಕ ಹಾಕು. ಸಹಿ ಇಲ್ಲದ ತಂತ್ರಾಂಶ ತೆರೆಯಹೋದರೆ ವಿಂಡೋಸಿನ ಸ್ಮಾರ್ಟ್‌ಸ್ಕ್ರೀನ್ ಗಿರಾಕಿಯನ್ನು ಹೆದರಿಸುತ್ತದೆ. 2023ರ ಜೂನ್‌ನಿಂದ ಸಹಿಯ ಕೀಲಿ ಯುಎಸ್‌ಬಿ ಟೋಕನ್‌ನಂಥ ಸುರಕ್ಷಿತ ಯಂತ್ರದಲ್ಲೇ ಇರಬೇಕು. (ಟೋಕನ್ ತರುವ ಕೊರಿಯರ್ ದಿಂಬಂ ಘಾಟಿಯ 27 ತಿರುವು ಹತ್ತಿ ಬರಲಿ, ಕಾಯುತ್ತಿರು!) ಮ್ಯಾಕ್‌ಗಾದರೆ ಆಪಲ್‌ಗೆ ವರ್ಷಕ್ಕೆ 99 ಡಾಲರ್. ಮ್ಯಾಕ್‌ಒಎಸ್ ಆಪಲ್ ಯಂತ್ರದಲ್ಲೇ ಓಡಬೇಕೆಂದು ಪರವಾನಗಿ ಹೇಳುತ್ತದೆ, ಸೆಕೆಂಡ್‌ಹ್ಯಾಂಡ್ ಮ್ಯಾಕ್ ಮಿನಿಯ ದುಡ್ಡೂ ಸೇರಿಸು.

• ಮೂರಕ್ಕೂ ಒಂದೇ ಸಲ ಮಾಡಲು ಎಲೆಕ್ಟ್ರಾನ್ ಬಳಸು ಅನ್ನುವವರಿದ್ದಾರೆ. ಕ್ರೋಮಿಯಂ ಬ್ರೌಸರ್ ಅದರೊಳಗೇ ಇರುವುದರಿಂದ ಅಕ್ಷರ ಮೂರು ಕಡೆಯೂ ಹೆಚ್ಚುಕಡಿಮೆ ಒಂದೇ ಥರ ಕೂರುತ್ತದೆ, ನಿಜ. ಗಾತ್ರವೂ ಸುಲಭವಾಗಿ ನೂರು ಎಂಬಿ ಮುಟ್ಟುತ್ತದೆ. ಈ ಬೆಟ್ಟದ ನೆಟ್‌ವರ್ಕಿನಲ್ಲಿ ಡೌನ್‌ಲೋಡ್ ಮಾಡಿ ತೋರಿಸು, ಆಮೇಲೆ ಮಾತಾಡೋಣ.

• ಲಿನಕ್ಸಿಗೆ ಕೊಡುವುದಾದರೆ ಹೊಸ ಉಬುಂಟುವಿನಲ್ಲಿ ಬಿಲ್ಡ್ ಮಾಡಬೇಡ. ಹೊಸ ಜಿಲಿಬ್‌ಸಿ ಲೈಬ್ರರಿ ಬೇಡುವ ತಂತ್ರಾಂಶ ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆಯುವುದೇ ಇಲ್ಲ.

• ‘ಸಹಾಯ’ದ ಕೆಳಗೆ ಒಂದು ಗುಂಡಿ ಇಡು: ಒತ್ತಿದರೆ ಯಾವ ವ್ಯವಸ್ಥೆ, ಯಾವ ಆವೃತ್ತಿ ಎಂದು ನಿನಗೆ ಬರಲಿ. ಬೆಳಗಿನ ಜಾವ ಮಂಡಿಯಿಂದ ಫೋನ್ ಮಾಡುವವನು ‘ಓಪನ್ ಆಯ್ತಾ ಇಲ್ಲ’ ಅನ್ನುವುದು ಬಿಟ್ಟು ಬೇರೇನೂ ಹೇಳುವುದಿಲ್ಲ ಕಣವ್ವ.

• ಮ್ಯಾಕ್‌ಗೂ ಬೇಕು, ಲಿನಕ್ಸಿಗೂ ಬೇಕು ಅಂತ ಕೇಳಿದವರ ಹೆಸರು ಬರೆದಿಟ್ಟುಕೋ. ಮುಂಗಡ ಎಷ್ಟು ಜನ ಕೊಡ್ತಾರೆ ನೋಡಿಕೊಂಡು ಎರಡನೆಯದಕ್ಕೆ ಕೈ ಹಾಕು.